ಎಡಗಡೆಯ ಸೀಟು

ಮೇ 6, ಸೋಮವಾರ. ಹಿರ್ಷ್‌ಹಾರ್ನ್

ದಿನಕ್ಕೊಂದು ಪುಟ ಬರೆಯಬೇಕೆಂದು ಪುನಶ್ಚೇತನ ಕೇಂದ್ರದ ಹುಡುಗಿ ಹೇಳಿದ್ದಾಳೆ. ಏನು ಬರೆಯಬೇಕೆಂದು ಹೇಳಿಲ್ಲ. ಪ್ರತಿ ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು ಕೊಟ್ಟಿದ್ದಾಳೆ. ಆ ಗೆರೆಯನ್ನು ಹುಡುಕಿಕೊಂಡು ಹೋಗಿ ಅಲ್ಲಿಂದಲೇ ಸಾಲು ಶುರು ಮಾಡಬೇಕಂತೆ. ಅರವತ್ತೊಂಬತ್ತು ವರ್ಷದವನಿಗೆ ಒಂದನೇ ಕ್ಲಾಸಿನ ಕಾಪಿ ಪುಸ್ತಕ. ಇರಲಿ.

ಸಂಗತಿಗಳು ಇಷ್ಟು. ಫೆಬ್ರವರಿಯಲ್ಲಿ ನನ್ನ ತಲೆಯ ಬಲಭಾಗದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡಿತು. ಕೈಕಾಲು ಸರಿಯಾಗಿವೆ. ಮಾತು ಸರಿಯಾಗಿದೆ. ಎರಡೂ ಕಣ್ಣುಗಳಲ್ಲಿ ಎಡಗಡೆಯ ನೋಟ 'ಬಹುಮಟ್ಟಿಗೆ ಹೋಗಿದೆ' ಎಂದು ಡಾಕ್ಟರು ಬರೆದಿದ್ದಾರೆ. ಡಾಕ್ಟರುಗಳು ಒಂದಕ್ಕೆ ಎರಡು ಸೇರಿಸುತ್ತಾರೆ. ಎಡಗಡೆ ಕತ್ತಲೆಯೇನೂ ಇಲ್ಲ. ನೋಡಬೇಕಾದದ್ದೆಲ್ಲ ನನಗೆ ಕಾಣುತ್ತಿದೆ. ಹದಿನಾರನೇ ತಾರೀಕು ಬೈರಾಯ್ಟ್‌ನ ಆಸ್ಪತ್ರೆಯಲ್ಲಿ ನನಗೆ ಚಾಲನಾ ಪರೀಕ್ಷೆ, ನನ್ನಂಥ ರೋಗಿಗಳಿಗೆಂದೇ ನಡೆಸುವಂಥದು. ಪಾಸಾದರೆ ಮತ್ತೆ ಕಾರು ಓಡಿಸಬಹುದು. ಅಲ್ಲಿಯತನಕ ಎಡಗಡೆಯ ಸೀಟಿನಲ್ಲಿ ಕೂತು ಓಡಿಸುವವಳು ರೋಸ್ವಿತಾ, ನನ್ನ ಹೆಂಡತಿ.

ನಮ್ಮೂರು ಸ್ಪೈಯರ್‌ನಿಂದ ಬೈರಾಯ್ಟ್‌ಗೆ ಹೆದ್ದಾರಿಯಲ್ಲಿ ಮೂರೂವರೆ ಗಂಟೆ ಸಾಕು. ರೋಸ್ವಿತಾ ಹತ್ತು ದಿನದ ದಾರಿ ಹಿಡಿದಿದ್ದಾಳೆ. ಕೋಟೆಗಳ ರಸ್ತೆಯಂತೆ. ನೆಕಾರ್ ನದಿಯ ಪಕ್ಕದಲ್ಲಿ ಹಿಡಿದು ಊರೂರು ಸುತ್ತಿ ಹೋಗುವುದು. ಏನು ಅಗತ್ಯ ಎಂದು ಕೇಳಿದೆ.

"ನಲವತ್ತು ವರ್ಷ ರಜೆಗೆ ಹೋಗುವಾಗ ಆ ಕಂದು ಬೋರ್ಡುಗಳನ್ನ ನೂರಾಮೂವತ್ತರ ಸ್ಪೀಡಲ್ಲಿ ಓದಿದೀನಿ," ಅಂದಳು. "'ಇಂಥಾ ಕೋಟೆ', 'ಇಂಥಾ ಹಳೇ ಪೇಟೆ'. ಒಂದು ಸಲ ನಿಲ್ಸು ಅಂದ್ರೆ ನಿಲ್ಸಿದೀಯಾ? ಈಗ ಸ್ಟಿಯರಿಂಗ್ ನನ್ ಕೈಲಿದೆ. ಸುಮ್ನೆ ಕೂತ್ಕೋ."

ಚಾಲನಾ ಪರೀಕ್ಷಕನಾಗಿ ಮೂವತ್ತನಾಲ್ಕು ವರ್ಷ ಕಾರಿನ ಹಿಂದಿನ ಸೀಟಿನಲ್ಲಿ ಕೂತವನು ನಾನು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ್ದೇನೆ. ಇದಕ್ಕೆ ಮುಂಚೆ ರೋಸ್ವಿತಾಳ ಪಕ್ಕದಲ್ಲಿ ಕೂತದ್ದು ಒಂದೇ ಸಲ, 1984ರಲ್ಲಿ. ಹನ್ನೊಂದು ತಪ್ಪು ತೋರಿಸಿದೆ. ಅವಳು ವೋರ್ಮ್ಸ್‌ನ ದೊಡ್ಡ ಚರ್ಚಿನ ಮುಂದೆ ಕಾರು ನಿಲ್ಲಿಸಿ, ಕೀಲಿಯನ್ನು ನನ್ನ ತೊಡೆಯ ಮೇಲೆ ಹಾಕಿ, ರೈಲು ಹತ್ತಿ ಮನೆಗೆ ಹೋದಳು.

ಇಂದಿನ ತಪ್ಪುಗಳು: ಇಂಡಿಕೇಟರ್ ತಡ, ಆರು ಸಲ. ಕ್ಲಚ್ಚಿನ ಮೇಲೆ ಕಾಲು, ಇಡೀ ದಿನ. ನದಿಯನ್ನು ನೋಡಿದ್ದು, ಲೆಕ್ಕವಿಲ್ಲ.

ನೆಕಾರ್‌ಸ್ಟೈನಾಖ್‌ನಲ್ಲಿ ರಸ್ತೆಯ ಮೇಲ್ಗಡೆ ನಾಲ್ಕು ಕೋಟೆಗಳಿವೆ ಎಂದು ಬೋರ್ಡು ಹಾಕಿದ್ದಾರೆ. ನನಗೆ ಒಂದೂ ಕಾಣಲಿಲ್ಲ. ಬಲಗಡೆ ನದಿ ಚೆನ್ನಾಗಿತ್ತು.

ರಾತ್ರಿ ಊಟಕ್ಕೆ ಬೇಯಿಸಿದ ಬಿಳಿ ಶತಾವರಿ ದಂಟು, ಹಂದಿ ತೊಡೆಯ ಮಾಂಸ. ಶತಾವರಿ ಮಾತ್ರ ತಂದಿಟ್ಟರು. ಮಾಂಸ ಎಲ್ಲಿ ಎಂದು ಕೇಳುವಷ್ಟರಲ್ಲಿ ರೋಸ್ವಿತಾ ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ, "ಬಂತು ನೋಡು" ಅಂದಳು. ಬಂದಿತ್ತು. ಇಲ್ಲಿ ಬಡಿಸುವವರು ಬಹಳ ನಿಧಾನ.

ಮೇ 7, ಮಂಗಳವಾರ. ಬಾಡ್ ವಿಂಪ್ಫೆನ್

ಹಳೆಯ ಪೇಟೆ. ಮರದ ಅಡ್ಡಪಟ್ಟಿಯ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಬಾಗಿಲುಗಳನ್ನು ಯಾವ ಅಳತೆಯಲ್ಲಿ ಇಟ್ಟಿದ್ದಾರೋ, ನನ್ನ ಎಡ ಭುಜಕ್ಕೆ ಮೂರು ಸಲ ಚೌಕಟ್ಟು ಬಡಿಯಿತು.

ರೋಸ್ವಿತಾಳಿಗೆ ಹೊಸ ಚಾಳಿ ಹತ್ತಿದೆ. ನಡೆಯುವಾಗ ನನ್ನ ಎಡಗಡೆಗೇ ಬರುತ್ತಾಳೆ. ನಾನು ಜಾಗ ಬದಲಿಸಿದರೆ ಸುತ್ತಿಕೊಂಡು ಮತ್ತೆ ಅಲ್ಲಿಗೇ ಬರುತ್ತಾಳೆ. ಬಂದವಳು ಕಾಣೆಯಾಗುತ್ತಾಳೆ. ಆಮೇಲೆ ಎಲ್ಲಿಂದಲೋ "ಮೆಟ್ಟಿಲು" ಎನ್ನುತ್ತಾಳೆ. ಮೆಟ್ಟಿಲು ಇರುತ್ತದೆ.

"ಬಲಗಡೆಗೆ ಬಾರೇ, ಮಾತಾಡೋಕೆ ಆಗುತ್ತೆ."

"ಬಲಗಡೆ ನನ್ನ ಅಗತ್ಯ ಇಲ್ಲ."

ತಪ್ಪುಗಳು: ಇಂಡಿಕೇಟರ್, ನಾಲ್ಕು. ಪಾರ್ಕಿಂಗ್ ಸರಿಯಿತ್ತು. ಆದರೆ ಜಾಗ ದೊಡ್ಡದಿತ್ತು.

ನಿನ್ನೆಯ ಪುಟ ತೆಗೆದು ನೋಡಿದೆ. ಕೊನೆಯ ಸಾಲುಗಳು ಹಾಳೆಯ ಮಧ್ಯದಿಂದ ಶುರುವಾಗಿವೆ. ದೀಪ ಮಂದವಾಗಿತ್ತು.

ಮೇ 9, ಗುರುವಾರ. ಲಾಂಗೆನ್‌ಬುರ್ಗ್

ಇದನ್ನು ಬರೆದಿಡಬೇಕು.

ಕೋಟೆಗೆ ಹತ್ತುವ ದಾರಿ ತಪ್ಪಿ ಒಂದು ಓಣಿಗೆ ನುಗ್ಗಿದೆವು. ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಇಳಿಜಾರಿನಲ್ಲಿ ಸೇಬಿನ ತೋಟ. ಅರ್ಧ ಹತ್ತಿದ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂತು, ಹಿಂದೆ ಹುಲ್ಲು ತುಂಬಿದ ಗಾಡಿ ಕಟ್ಟಿಕೊಂಡು. ಅದು ಹಿಂದಕ್ಕೆ ಹೋಗುವಂತಿಲ್ಲ. ನಾವೇ ಹೋಗಬೇಕು. ಎಂಬತ್ತು ಮೀಟರ್, ಇಳಿಜಾರು, ನಡುವೆ ಒಂದು ತಿರುವು. ಇಂಥ ಕಡೆ ಅಭ್ಯರ್ಥಿಗಳು ಅಳುತ್ತಾರೆ. ಬೋಧಕರೂ ಅತ್ತದ್ದನ್ನು ನೋಡಿದ್ದೇನೆ.

"ಇಳಿ, ನಾನು ತೆಗೀತೀನಿ," ಅಂದೆ.

"ಬಾಯ್ಮುಚ್ಚು, ಎಗೋನ್," ಅಂದಳು. ಸಿಟ್ಟಿನಿಂದಲ್ಲ. ಕನ್ನಡಿ ನೋಡುತ್ತಿದ್ದಳು.

ಹಿಂದಕ್ಕೆ ಹೋದಳು. ಒಂದೇ ವೇಗ, ಎರಡು ಕನ್ನಡಿ, ಒಂದು ಸಲವೂ ಬ್ರೇಕು ಜಗ್ಗಲಿಲ್ಲ. ತಿರುವಿನಲ್ಲಿ ಗೋಡೆಗೂ ನಮಗೂ ಒಂದು ಗೇಣು ಇತ್ತು, ಕೊನೆಯವರೆಗೂ ಅದೇ ಗೇಣು. ಟ್ರ್ಯಾಕ್ಟರಿನವನು ಹೋಗುವಾಗ ಟೋಪಿ ಎತ್ತಿದ.

"ಇದನ್ನೆಲ್ಲಿ ಕಲ್ತೆ?"

"ಚರ್ಚಿನ ವ್ಯಾನಲ್ಲಿ. ಹನ್ನೊಂದು ವರ್ಷ ಮನೆಮನೆಗೆ ಊಟ ಕೊಟ್ಟು ಬರ್ತಿದ್ನಲ್ಲ, ವಯಸ್ಸಾದವ್ರಿಗೆ."

"ಅದು ಗೊತ್ತು. ವ್ಯಾನ್ ಓಡಿಸ್ತಿದ್ದವ್ರು ಯಾರು?"

ಅವಳು ಕಾರು ನಿಲ್ಲಿಸಿಬಿಟ್ಟಳು. ನಕ್ಕದ್ದು ಕೇಳಿಸಿತು. "ದೇವ್ರೇ! ಹನ್ನೊಂದು ವರ್ಷ ನಾನು ಸಾರಿನ ಪಾತ್ರೆ ಹಿಡ್ಕೊಂಡು ಹಿಂದೆ ಕೂತಿದ್ದೆ ಅಂತ ತಿಳ್ಕೊಂಡಿದ್ಯಾ?"

ಹಾಗೇ ತಿಳಿದುಕೊಂಡಿದ್ದೆ. ಹೌದು ಎನ್ನಲಿಲ್ಲ.

ತಪ್ಪುಗಳು: ರಿವರ್ಸ್ ಗೇರಿನಲ್ಲಿ ಯಾವುದೂ ಇಲ್ಲ. ಉಳಿದದ್ದನ್ನು ಇವತ್ತು ಎಣಿಸಲು ಮರೆತೆ.

ಮೇ 11, ಶನಿವಾರ. ರೋಟೆನ್‌ಬುರ್ಗ್

ಊರಿನಲ್ಲಿ ಊರಿನವರಿಗಿಂತ ಫೋಟೋ ತೆಗೆಯುವವರು ಹೆಚ್ಚು. ರೋಸ್ವಿತಾ ಕೋಟೆಗೋಡೆಯ ಮೇಲಿನ ದಾರಿಯಲ್ಲಿ ಇಡೀ ಊರು ಸುತ್ತಿ ಬಂದಳು. ಅಲ್ಲಿ ಒಂದು ಬದಿಗೆ ಕಂಬಿ ಸಾಲದು ಎಂದು ನನ್ನನ್ನು ಕರೆಯಲಿಲ್ಲ. ನಾನು ಹೋಟೆಲಿನ ಕಿಟಕಿಯಲ್ಲಿ ಕೂತಿದ್ದೆ. ಬಂದವಳ ಕೆನ್ನೆ ಕೆಂಪಾಗಿತ್ತು. ಮೂರು ಗೋಪುರದ ಹೆಸರು ಹೇಳಿದಳು. ಮನೆಯಲ್ಲಿ ಇಷ್ಟು ಮಾತಾಡುವುದಿಲ್ಲ.

ಪರೀಕ್ಷೆಗೆ ಇನ್ನು ಐದು ದಿನ. ಫೆಬ್ರವರಿಯಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಅಭ್ಯಾಸವಿಲ್ಲದೆ ಪರೀಕ್ಷೆಗೆ ಬರುವವರನ್ನು ನಾನು ಸಹಿಸುತ್ತಿರಲಿಲ್ಲ. ಊರಾಚೆ, ಗೋಡೆಯ ಹೊರಗೆ ದೊಡ್ಡ ಪಾರ್ಕಿಂಗ್ ಬಯಲಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಯಾರೂ ಇರುವುದಿಲ್ಲ. ಕೀಲಿಯನ್ನು ಅವಳು ಮೇಜಿನ ಮೇಲೆಯೇ ಇಡುತ್ತಾಳೆ.

ಮೇ 12, ಭಾನುವಾರ

ಕಾರಿನ ಎಡ ಮುಂಭಾಗ ತರಚಿದೆ. ಬಕೆಟ್ಟು ಇರಬಾರದ ಜಾಗದಲ್ಲಿತ್ತು.

ಮೇ 12, ಮಧ್ಯಾಹ್ನ

ಮೇಲಿನದು ಸರಿಯಾದ ವರದಿಯಲ್ಲ.

ಬೆಳಿಗ್ಗೆ ಏಳೂವರೆಗೆ ಕಾರು ತೆಗೆದೆ. ರೋಸ್ವಿತಾ ಮಲಗಿದ್ದಳು. ಪೂರ್ವದ ಕೋಟೆ ಬಾಗಿಲಿಗೆ ಹೋಗುವ ಕಲ್ಲುಹಾಸಿನ ಬೀದಿ. ಎರಡನೇ ಗೇರು, ಗಂಟೆಗೆ ಇಪ್ಪತ್ತಕ್ಕಿಂತ ಕಡಿಮೆ. ಬೀದಿ ಖಾಲಿ ಇತ್ತು. ಖಾಲಿ ಇತ್ತು ಎಂದು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡುತ್ತಿದ್ದೆ.

ಸದ್ದಾಯಿತು. ತಗಡಿನ ಸದ್ದು. ನಿಲ್ಲಿಸಿದೆ. ಇಳಿದು ನೋಡಿದರೆ ಕಾರು ಎಡಗಡೆಯ ಕಲ್ಲುಗಂಬಕ್ಕೆ ಒತ್ತಿಕೊಂಡಿದೆ. ನೆಲದ ಮೇಲೆ ಬಕೆಟ್ಟು, ಪಿಯೋನಿ ಹೂಗಳು, ನೀರು. ಇಂದು ಅಮ್ಮಂದಿರ ದಿನ, ಹೂವಿನಂಗಡಿ ಬೇಗ ತೆರೆದಿತ್ತು. ನೀರಿನ ನಡುವೆ ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಕೂತಿದ್ದಳು. ಹಿಂದಕ್ಕೆ ಹಾರಿ ಬಿದ್ದಿದ್ದಳು. ಮೊಣಕೈ ತರಚಿತ್ತು. ಅಷ್ಟೇ. ಅಷ್ಟೇ ಎಂದು ಮೂರು ಸಲ ಕೇಳಿ ಖಚಿತ ಮಾಡಿಕೊಂಡೆ.

ನನ್ನ ಕಡೆ ನೋಡಿದ ಅವಳಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. "ನೀವು ನನ್ನನ್ನೇ ನೋಡ್ಕೊಂಡು ಬಂದ್ರಲ್ರೀ! ಬೀದಿ ದಾಟ್ತಾ ಇದ್ದೆ, ಕೈ ಬೀಸ್ದೆ, ಕೂಗ್ದೆ. ಮುಖ ನನ್ ಕಡೇನೇ ಇತ್ತು. ನಿಲ್ಲಿಸ್ತಾರೆ, ನಿಲ್ಲಿಸ್ತಾರೆ ಅಂತ ನಿಂತೇ ಇದ್ದೆ."

"ಕಾಣ್ಲಿಲ್ಲ," ಅಂದೆ.

"ಇಷ್ಟು ದಪ್ಪ ಇದೀನಿ!"

ಕಾಣಲಿಲ್ಲ ಎಂಬ ಮಾತನ್ನು ಮೂವತ್ತನಾಲ್ಕು ವರ್ಷ ಕೇಳಿದ್ದೇನೆ. ಅದಕ್ಕೆ ಪರೀಕ್ಷೆಯ ನಮೂನೆಯಲ್ಲಿ ಒಂದು ಚೌಕವಿದೆ: 'ಗಮನ ಕೊಡಲಿಲ್ಲ.' ಅಲ್ಲಿ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಆದರೆ ನಾನು ಗಮನ ಕೊಟ್ಟಿದ್ದೆ. ಇಷ್ಟು ಗಮನ ಕೊಟ್ಟು ಎಂದೂ ಓಡಿಸಿರಲಿಲ್ಲ. ಅಲ್ಲಿ ಹೆಂಗಸು ಇರಲಿಲ್ಲ. ಬೀದಿ ಇತ್ತು, ಕಲ್ಲು ಇತ್ತು, ಬಿಸಿಲು ಇತ್ತು, ಅವಳು ಇರಬೇಕಾದ ಕಡೆಯಲ್ಲೂ ಬೀದಿಯೇ ಇತ್ತು.

ಸದ್ದು ಕೇಳಿ ರೋಸ್ವಿತಾ ಹೋಟೆಲಿನಿಂದ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಓಡಿ ಬಂದಳು. ನನ್ನನ್ನು ಒಂದು ಮಾತೂ ಕೇಳದೆ ಆ ಹೆಂಗಸಿನ ಪಕ್ಕ ನೀರಿನಲ್ಲೇ ಮೊಣಕಾಲೂರಿ ಕೂತು ಕೈ ತೊಳೆದು ಕಟ್ಟಿದಳು. ಆಮೇಲೆ ಇಬ್ಬರೂ ಸೇರಿ ಮುರಿಯದ ಹೂಗಳನ್ನು ಆರಿಸಿದರು. ನಾನು ನಿಂತಿದ್ದೆ. ಕೆಲಸ ಹೇಳಿದ್ದರೆ ಮಾಡುತ್ತಿದ್ದೆ.

ಮಧ್ಯಾಹ್ನ ಹ್ಯಾಂಬರ್ಗಿನಿಂದ ಮಗಳು ಸಿಲ್ಕೆಯ ಫೋನು. ಅಮ್ಮನಿಗೆ ಶುಭಾಶಯ ಹೇಳಿ, ವಿಷಯ ತಿಳಿದು, ಫೋನನ್ನು ಸ್ಪೀಕರಿಗೆ ಹಾಕಿಸಿ ನನ್ನನ್ನು ಕರೆದಳು. "ಅಪ್ಪಾ, ಆ ಪರೀಕ್ಷೆ ರದ್ದು ಮಾಡು. ಅಮ್ಮಾ, ನೀನು ಕೀಲಿ ಬಚ್ಚಿಡು."

"ಬಚ್ಚಿಡಲ್ಲ," ಎಂದಳು ರೋಸ್ವಿತಾ. "ನಾನೇನು ಇವನ ಜೈಲರ್ ಅಲ್ಲ."

ಮೇ 13, ಸೋಮವಾರ. ಆನ್ಸ್‌ಬಾಖ್

ಮಳೆ. ಅರಮನೆ ಸೋಮವಾರ ಮುಚ್ಚಿರುತ್ತದೆ.

ಕೀಲಿ ಮೇಜಿನ ಮೇಲಿದೆ.

ಮೇ 14, ಮಂಗಳವಾರ. ಬಾಂಬೆರ್ಗ್

ನದಿಯ ನಡುವೆ ಸೇತುವೆಯ ಮೇಲೆ ಕಟ್ಟಿದ ಹಳೆಯ ಪುರಭವನ. ರೋಸ್ವಿತಾ ಐಸ್‌ಕ್ರೀಂ ತರುತ್ತೇನೆಂದು ಹೋದಳು. ಕಂಬಿ ಹಿಡಿದು ನೀರು ನೋಡುತ್ತ ನಿಂತೆ. ಐದು ನಿಮಿಷ. ಹತ್ತು ನಿಮಿಷ. ಐಸ್‌ಕ್ರೀಂ ತರಲು ಇಷ್ಟು ಹೊತ್ತೇ? ಯಾವುದೋ ಅಂಗಡಿಗೆ ನುಗ್ಗಿರಬೇಕು. ನನ್ನನ್ನು ಇಲ್ಲಿ ಛತ್ರಿಯ ಹಾಗೆ ನಿಲ್ಲಿಸಿ ಮರೆತಿರಬೇಕು. ಸ್ವಲ್ಪ ಗಟ್ಟಿಯಾಗಿಯೇ ಗೊಣಗಿದೆ ಎಂದು ಕಾಣುತ್ತದೆ.

"ಕರಗ್ತಾ ಇದೆ, ತಗೋ," ಎಂದಳು.

ಎಡಗಡೆಯಿಂದ. ತಲೆಯನ್ನು ಪೂರ್ತಿ ತಿರುಗಿಸಬೇಕಾಯಿತು, ಗಲ್ಲ ಭುಜಕ್ಕೆ ತಾಗುವಷ್ಟು. ಒಂದು ಮೊಳ ದೂರದಲ್ಲಿ ಕಂಬಿಗೆ ಒರಗಿ ನಿಂತಿದ್ದಳು. ಎರಡು ಕೈಯಲ್ಲೂ ಐಸ್‌ಕ್ರೀಂ. ಒಂದು ಬೆರಳಿನ ಮೇಲೆಲ್ಲ ಇಳಿದಿತ್ತು.

"ಯಾವಾಗ ಬಂದೆ?"

"ನೀನು ನನ್ನನ್ನ ಬೈಯೋಕೆ ಶುರು ಮಾಡೋಕೆ ಮುಂಚೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ಎಷ್ಟು ಹೊತ್ತಾಗುತ್ತೆ ನೋಡೋಣ ಅಂತ." ನಗಲಿಲ್ಲ. "ತಲೆ ತಿರುಗಿಸ್ತೀಯೇನೋ ಅಂತ. ಕೇಂದ್ರದ ಆ ಹುಡುಗಿ ಮೂರು ತಿಂಗಳಿಂದ ಅದನ್ನೇ ಹೇಳ್ತಾ ಇದಾಳೆ. ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ ಅಂತ. ನಿನಗೆ ಅವಮಾನ."

ಅವಮಾನ ಅಲ್ಲ. ತಿರುಗಿಸಿದರೆ ಡಾಕ್ಟರು ಹೇಳಿದ್ದು ನಿಜ ಎಂದು ಒಪ್ಪಿದ ಹಾಗೆ ಆಗುತ್ತದೆ. ಇದನ್ನು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಸಂಜೆ ಹೊಗೆ ವಾಸನೆಯ ಬಿಯರ್ ಕುಡಿಯುವಾಗ ಅವಳು ಹೇಳಿದಳು: "ಗುರುವಾರ ನೀನು ಪಾಸಾದ್ರೆ ಒಳ್ಳೇದು. ಕಾರು ನಿಂದೇ. ಆದ್ರೆ ನಾನು ನಿನ್ ಪಕ್ಕ ಕೂರಲ್ಲ, ಎಗೋನ್. ರೈಲಲ್ಲಿ ಹೋಗ್ತೀನಿ. ಇನ್ಮೇಲೆ ಎಲ್ಲಾ ಕಡೆನೂ."

"ಫೇಲಾದ್ರೆ?"

"ಫೇಲಾದ್ರೆ ನೋಡೋಣ. ನೀನು ಪಕ್ಕ ಕೂತು ತಪ್ಪಿನ ಲೆಕ್ಕ ಬರೀತಾನೇ ಇದ್ರೆ ಆವಾಗ್ಲೂ ರೈಲೇ."

ಈ ಪುಸ್ತಕವನ್ನು ಅವಳು ಓದಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ. ಬಹುಶಃ ಓದಿಲ್ಲ. ನಾನು ತುಟಿ ಅಲ್ಲಾಡಿಸುತ್ತ ಎಣಿಸುತ್ತೇನಂತೆ.

ಕೋಬುರ್ಗ್, ಕ್ರೋನಾಖ್ ಬಿಟ್ಟು ನಾಳೆ ನೇರ ಬೈರಾಯ್ಟ್‌ಗೆ. ಪರೀಕ್ಷೆಗೆ ಮುಂಚೆ ವಿಶ್ರಾಂತಿ ಬೇಕೆಂದು ನಾನೇ ಹೇಳಿದೆ. ಅವಳ ಪಟ್ಟಿಯಲ್ಲಿ ಆ ಎರಡು ಹೆಸರಿನ ಪಕ್ಕ ನಕ್ಷತ್ರ ಇತ್ತು.

ಮೇ 16, ಗುರುವಾರ. ಬೈರಾಯ್ಟ್

ರದ್ದು ಮಾಡಲಿಲ್ಲ. ಪರೀಕ್ಷೆ ಮಾಡದೆ ನಾನು ಯಾರನ್ನೂ ಫೇಲ್ ಮಾಡಿದವನಲ್ಲ. ನನಗೆ ಮಾತ್ರ ಬೇರೆ ನಿಯಮ ಮಾಡುವುದು ಸರಿಯಲ್ಲ.

ಪರೀಕ್ಷಿಸುವವಳು ಯೂಡಿತ್ ಕ್ನಾಪ್ ಎಂಬ ಯುವತಿ. ಆಸ್ಪತ್ರೆಯ ಜೊತೆ ಕೆಲಸ ಮಾಡುವ ಬೋಧಕಿ. ಅವಳ ಕಾರಿನಲ್ಲಿ ಎರಡು ಕಡೆಯೂ ಬ್ರೇಕು ಇದೆ. ನಾನು ಎಡಗಡೆ, ಸ್ಟಿಯರಿಂಗಿಗೆ. ಅವಳು ಬಲಗಡೆ. ಚೆನ್ನಾಗಿ ಕಾಣುತ್ತಿದ್ದಳು.

ಎಡಕ್ಕೆ ತಲೆ ತಿರುಗಿಸಿದೆ. ಪ್ರತಿ ಮೂರು ಸೆಕೆಂಡಿಗೆ ಒಮ್ಮೆ, ಕೇಂದ್ರದ ಹುಡುಗಿ ಹೇಳಿದ ಹಾಗೆ. ತಿರುಗಿಸಿದಾಗಲೆಲ್ಲ ಅಲ್ಲಿ ಏನಾದರೂ ಇರುತ್ತಿತ್ತು: ಬಸ್ಸು, ನಾಯಿ, ಒಂದು ಇಡೀ ಬೀದಿ. ಇಷ್ಟೆಲ್ಲ ಎಲ್ಲಿತ್ತು ಎನ್ನಿಸಿತು. ಮತ್ತೆ ಮುಂದೆ ನೋಡಿದರೆ ಎಲ್ಲ ಮಾಯ. ಒಂಬತ್ತು ನಿಮಿಷ ಹೀಗೆ ಮಾಡಿದೆ. ಅಂಗಿ ಬೆನ್ನಿಗಂಟಿತು. ಹತ್ತನೇ ನಿಮಿಷ ಒಂದು ಸಲ ತಪ್ಪಿತು. ಕಾರು ತಾನಾಗಿ ನಿಂತಿತು. ಅವಳ ಕಾಲು ಬ್ರೇಕಿನ ಮೇಲಿತ್ತು. ನಮ್ಮ ಮುಂದಿನಿಂದ ಹಳದಿ ಕೋಟಿನ ಸೈಕಲ್ ಸವಾರಳೊಬ್ಬಳು ದಾಟಿ ಹೋದಳು. ನಮ್ಮ ಕಡೆ ನೋಡಲೂ ಇಲ್ಲ. ಅವಳಿಗೆ ಏನೂ ಆಗಿರಲಿಲ್ಲ.

"ಇಲ್ಲಿ... ಸ್ವಲ್ಪ ಪಕ್ಕಕ್ಕೆ ನಿಲ್ಲಿಸೋಣ," ಅಂದಳು ಯೂಡಿತ್. ನಿಲ್ಲಿಸಿದೆ. ಅವಳು ಕಾಗದ ತಿರುವಿದಳು. "ಈ ವಾರ ಬಿಸಿಲು ಚೆನ್ನಾಗಿದೆ ಅಲ್ವಾ? ನಿಮ್ಮ ಗೇರು ಬದಲಿಸೋ ರೀತಿ ತುಂಬಾ ನಾಜೂಕು ಕೆಟ್ಲರ್ ಅವ್ರೇ, ಮತ್ತೆ ವೇಗದ ಅಂದಾಜು ಕೂಡ..."

"ಇದು ನಿಮಗೆ ಎಷ್ಟನೇದು?" ಎಂದು ಕೇಳಿದೆ.

"ಏನು?"

"ಫೇಲ್ ಮಾಡೋದು."

ಅವಳು ಕೆಂಪಾದಳು. "ಈ ಥರದ್ದು... ಮೊದಲನೇದು."

"ಮೊದಲು ಎಂಜಿನ್ ಆರಿಸೋಕೆ ಹೇಳಿ. ಎಂಜಿನ್ ಓಡ್ತಾ ಇದ್ರೆ ಮನುಷ್ಯ ಇನ್ನೂ ಓಡಿಸ್ತಾನೇ ಇರ್ತಾನೆ."

"ನೀವು ಪರೀಕ್ಷಕರಾಗಿದ್ರಾ?"

"ಮೂವತ್ತನಾಲ್ಕು ವರ್ಷ. ಹೇಳಿ."

"ಎಂಜಿನ್ ಆರಿಸಿ."

ಆರಿಸಿದೆ.

"ಈಗ ಕಾಗದ ಕೆಳಗಿಡಿ. ಮುಖ ನೋಡಿ. ಬಿಸಿಲು, ಗೇರು ಏನೂ ಬೇಡ. ಮೊದಲನೇ ವಾಕ್ಯದಲ್ಲೇ ಹೇಳ್ಬೇಕು. ಇಲ್ದಿದ್ರೆ ಅವ್ರು ಆ ಗೇರಿನ ಮಾತಿಗೇ ಜೋತು ಬೀಳ್ತಾರೆ."

ಅವಳು ಕಾಗದ ಕೆಳಗಿಟ್ಟಳು. "ಕೆಟ್ಲರ್ ಅವ್ರೇ, ನೀವು ಪಾಸಾಗಿಲ್ಲ. ಇನ್ನು ಮೇಲೆ ನೀವು ಕಾರು ಓಡಿಸಬಾರ್ದು."

"ಸರಿಯಾಗಿ ಹೇಳಿದ್ರಿ."

ಅವಳ ಕಣ್ಣಲ್ಲಿ ನೀರು ಬಂತು. ಪರೀಕ್ಷಿಸುವವರು ಅಳಬಾರದು. ಮೊದಲ ಸಲ ಎಂದು ಬಿಟ್ಟುಬಿಟ್ಟೆ. ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ಬಲಗಡೆ ಕೂತೆ. ಬೆಲ್ಟು ಹಾಕಿಕೊಂಡೆ. ವಾಪಸ್ಸು ಅವಳು ಓಡಿಸಿದಳು. ಇಂಡಿಕೇಟರ್ ಸರಿಯಾದ ಸಮಯಕ್ಕೆ ಹಾಕುತ್ತಾಳೆ.

ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ರೋಸ್ವಿತಾ ಕೂತಿದ್ದಳು. ಕೈಯಲ್ಲಿ ಬನ್ನಿನೊಳಗೆ ಸಾಸೇಜು, ಕಚ್ಚಿರಲಿಲ್ಲ. ದೂರದಿಂದಲೇ ನನ್ನ ಮುಖ ನೋಡಿದಳು.

"ಫೇಲ್," ಅಂದೆ.

ಅವಳು ಎದ್ದು, ಬೆಂಚಿನ ಬಲತುದಿಗೆ ಹೋಗಿ ಕೂತಳು. ಇಷ್ಟು ದಿನ ಎಡಗಡೆಗೆ ಬರುತ್ತಿದ್ದವಳು. ನಾನು ಎಡತುದಿಯಲ್ಲಿ ಕೂತೆ. ಕಾಣಲಿ ಎಂದು ಹಾಗೆ ಮಾಡಿದಳೆಂದು ಆಮೇಲೆ ಹೊಳೆಯಿತು.

ಕಣ್ಣಲ್ಲಿ ನೀರು ಬಂತು. ಎರಡೂ ಕಣ್ಣಿನಲ್ಲಿ ಒಂದೇ ಸಮ ಬಂತು, ಎಡಗಡೆ ಕಡಿಮೆ ಏನೂ ಇರಲಿಲ್ಲ. ಅವಳು ಬನ್ನನ್ನು ಎರಡು ಭಾಗ ಮಾಡಿ ದೊಡ್ಡದನ್ನು ನನಗೆ ಕೊಟ್ಟಳು. ತಿಂದೆವು.

ಮೇ 17, ಶುಕ್ರವಾರ. ಕ್ರೋನಾಖ್

ಬೆಳಿಗ್ಗೆ ರೋಸ್ವಿತಾ ಹೆದ್ದಾರಿಯ ನಕ್ಷೆ ತೆಗೆದಳು. "ಮೂರೂವರೆ ಗಂಟೆ. ಊಟಕ್ಕೆ ಮನೇಲಿರ್ತೀವಿ. ನಿನಗೂ ಸುಸ್ತಾಗಿದೆ."

"ಕ್ರೋನಾಖ್ ನೋಡಿಲ್ವಲ್ಲ. ಕೋಬುರ್ಗೂ ನೋಡಿಲ್ಲ."

"ಅದು ಮನೆ ಕಡೆ ಅಲ್ಲ, ಎಗೋನ್. ಉತ್ತರಕ್ಕೆ ಹೋಗ್ಬೇಕು."

"ಹೋಗೋಣ. ಯಾರು ಕಾಯ್ತಿದಾರೆ?"

ಅವಳು ನನ್ನನ್ನು ಒಂದು ಗಳಿಗೆ ನೋಡಿ ನಕ್ಷೆ ಮಡಚಿದಳು. ತಪ್ಪಾಗಿ ಮಡಚಿದಳು. ಅದು ಹಾಗೇ ಇರಲಿ ಎಂದು ಬಿಟ್ಟೆ.

ಗುಡ್ಡ, ಬಾರ್ಲಿ ಹೊಲ, ಹಳ್ಳಿ, ಮತ್ತೆ ಗುಡ್ಡ. ಕುಳಿತಲ್ಲಿಂದಲೇ ತಲೆಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಇಟ್ಟುಕೊಂಡೆ. ಕುತ್ತಿಗೆ ನೋಯುತ್ತದೆ, ಆದರೆ ಸಾಧ್ಯ. ಕಾರು ಓಡಿಸುವಾಗ ರೋಸ್ವಿತಾ ಕೆಳತುಟಿಯನ್ನು ಒಳಗೆಳೆದುಕೊಂಡಿರುತ್ತಾಳೆ. ತಿರುವು ಬಂದರೆ ಇನ್ನಷ್ಟು. ತಿರುವು ಮುಗಿದ ಮೇಲೆ ಬಿಡುತ್ತಾಳೆ, ಆಗ ಏನೋ ಗುನುಗುತ್ತಾಳೆ. ಹನ್ನೊಂದು ದಿನದಿಂದ ಅದನ್ನು ರೇಡಿಯೋ ಎಂದುಕೊಂಡಿದ್ದೆ. ಕಿವಿಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿದೆ. ಮದುವೆಯಾಗಿ ನಲವತ್ತೊಂದು ವರ್ಷ.

ಹೀಗೆ ಇಪ್ಪತ್ತು ಕಿಲೋಮೀಟರ್ ಆಗಿರಬಹುದು.

"ಏನು ಹಾಗೆ ನೋಡ್ತಿದೀಯ?" ಎಂದಳು. "ತಪ್ಪು ಎಣಿಸ್ತಿದೀಯಾ?"

"ಇಲ್ಲ."

"ಮತ್ತೆ? ಕೋಟೆ ಆ ಕಡೆ ಬರುತ್ತೆ, ಬಲಗಡೆ. ಮುಂದೆ ತಿರುಗಿ ರಸ್ತೆ ನೋಡು."

"ರಸ್ತೆ ನೀನು ನೋಡು," ಅಂದೆ.